ಮೈನಸ್ ಎರಡೂವರೆ ದಿನದ ಕೆಮ್ಮು

1

ಸರಾಸರಿಯಿಂದ ಶುರು ಮಾಡಿದರೆ ನೀವು ಪುಟ ತಿರುಗಿಸುತ್ತೀರಿ. ಕೆಮ್ಮಿನಿಂದ ಶುರು ಮಾಡಿದರೆ ಉಳಿಯುತ್ತೀರಿ, ಆದರೆ ಅಯ್ಯೋ ಪಾಪ ಅನ್ನುವುದಕ್ಕೆ ಉಳಿಯುತ್ತೀರಿ. ಎರಡೂ ನನಗೆ ಬೇಡ. ಹಾಗಾದರೆ ಮೊದಲ ಸಾಲು ಯಾವುದು?

ಮೂರು ಸಲ ಬರೆದು ಕೈಬಿಟ್ಟಿದ್ದೇನೆ. ಮೊದಲ ಸಲ ಆಳಂದದ ಒಂದು ದಾಲ್ ಮಿಲ್ಲಿನ ತಗಡಿನ ಮೇಲೆ ಸೂರ್ಯ ಹುಟ್ಟುತ್ತಿದ್ದ. (ಅವನು ಎಲ್ಲ ತಗಡುಗಳ ಮೇಲೂ ಹುಟ್ಟುತ್ತಾನೆ. ಹೊಡೆದು ಹಾಕಿದೆ.) ಎರಡನೆಯ ಸಲ ಒಬ್ಬ ಹೆಂಗಸು ಸೆರಗಿನಿಂದ ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಆಮೇಲೆ ಗೊತ್ತಾಯಿತು, ಅವಳು ಅಳುತ್ತಿರಲಿಲ್ಲ. ತೊಗರಿ ಹೊಟ್ಟಿನ ದೂಳಿಗೆ ಅಲ್ಲಿ ಎಲ್ಲರೂ ಹಾಗೆಯೇ ಮುಖ ಕಟ್ಟಿಕೊಂಡಿರುತ್ತಾರೆ. ಮೂರನೆಯ ಸಲ ನಾನೇ ಕತೆಯೊಳಗೆ ಬಂದು ಹಾಸ್ಟೆಲ್ ಲೈಬ್ರರಿಯ ಕಿಟಕಿಯ ಪಕ್ಕ ಕೂತು ಯೋಚಿಸುತ್ತಿದ್ದೆ. ಅದಕ್ಕಿಂತ ಸೂರ್ಯನೇ ವಾಸಿ.

ಸಂಖ್ಯೆಯಿಂದಲೇ ಶುರು ಮಾಡುತ್ತೇನೆ. ಮೈನಸ್ ಎರಡೂವರೆ. ಇದು ಇಪ್ಪತ್ತನಾಲ್ಕು ಹೆಂಗಸರು ಒಂದು ವರ್ಷದಲ್ಲಿ ಕೆಮ್ಮಿನ ದೆಸೆಯಿಂದ ಕಳೆದುಕೊಂಡ ಕೆಲಸದ ದಿನಗಳಿಗೆ ಸಂಬಂಧಪಟ್ಟದ್ದು. ಹೌದು, ಮೈನಸ್. ನೀವು ಸರಿಯಾಗಿಯೇ ಓದಿದಿರಿ.

2

ಈ ಸಂಖ್ಯೆ ಸಪ್ನಾಳ ಲ್ಯಾಪ್‌ಟಾಪಿನಲ್ಲಿ ಹುಟ್ಟಿತು. ಸಪ್ನಾ ನಿಂಬರ್ಗಾದವಳು, ಇಪ್ಪತ್ತಾರು ವರ್ಷ, ಸ್ಟ್ಯಾಟಿಸ್ಟಿಕ್ಸ್ ಎಂ.ಎಸ್ಸಿ. ಕಲಬುರಗಿಯ ಒಂದು ಸಂಸ್ಥೆಯಲ್ಲಿ (ಹೆಸರು ಬೇಡ) ಸರ್ವೆ ಕೆಲಸ. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ಊರಿನ ಒಂದೊಂದು ದಾಲ್ ಮಿಲ್ಲಿನಲ್ಲಿ ಬೇಳೆ ಹಸನು ಮಾಡುವ ಹೆಂಗಸರು ಕೆಮ್ಮು-ದಮ್ಮಿನಿಂದ ವರ್ಷಕ್ಕೆ ಸರಾಸರಿ ಎಷ್ಟು ದಿನ ಕೆಲಸಕ್ಕೆ ಬರುವುದಿಲ್ಲ ಎಂದು ಅವಳು ಹೇಳಬೇಕು. ಅಫಜಲಪುರದ ಮಾಲೀಕರು ಎರಡು ಸಲ ಚಹಾ ಕೊಟ್ಟರು, ಹಾಜರಿ ಪುಸ್ತಕ ಕೊಡಲಿಲ್ಲ. ಆದ್ದರಿಂದ ಅಫಜಲಪುರ ಈ ಕತೆಯಲ್ಲಿ ಇಷ್ಟೇ.

ಲೆಕ್ಕಕ್ಕೆ ಒಂದು ಷರತ್ತು ಅಂಟಿಕೊಂಡಿದೆ. ಬೇಳೆ ಕೊಳ್ಳುವ ದೊಡ್ಡ ಕಂಪನಿಯೊಂದು ಮಿಲ್ಲಿನವರಿಂದ ಬರೆಸಿಕೊಂಡಿದೆ: ಸರಾಸರಿಯ ಕೆಳತುದಿ (ಹಾಗೆಂದರೇನು ಎಂದು ಮುಂದೆ ಹೇಳುತ್ತೇನೆ) ಮೂರು ದಿನ ದಾಟಿದರೆ ಕೆಮ್ಮು ಮಿಲ್ಲಿನದು. ಆಗ ಸರ್ವೆಯ ಪಟ್ಟಿಯಲ್ಲಿರುವ ಯಾರನ್ನೂ ಕೆಮ್ಮಿನ ಕಾರಣಕ್ಕೆ ಬಿಡಿಸುವಂತಿಲ್ಲ, ಔಷಧಿಯನ್ನೂ ಮಿಲ್ಲೇ ಕೊಡಿಸಬೇಕು. ದಾಟದಿದ್ದರೆ ಕೆಮ್ಮು ಕೆಮ್ಮಿದವರದು.

ಆಳಂದದ ಹಾಜರಿ ಪುಸ್ತಕದಲ್ಲಿ ಕೆಮ್ಮಿನ ಗೈರುಹಾಜರಿ ಹೀಗಿತ್ತು: ಒಂಬತ್ತು ಹೆಂಗಸರು ಸೊನ್ನೆ ದಿನ. ಆರು ಜನ ಒಂದು ದಿನ. ನಾಲ್ವರು ಎರಡು ದಿನ. ಇಬ್ಬರು ಮೂರು. ಒಬ್ಬಳು ನಾಲ್ಕು, ಒಬ್ಬಳು ಏಳು. ಕೊನೆಗೆ ಖಾಸೀಂಬಿ, ಎಂಬತ್ತೊಂಬತ್ತು.

ಒಟ್ಟು ನೂರಾ ಇಪ್ಪತ್ತು. ಇಪ್ಪತ್ತನಾಲ್ಕರಿಂದ ಭಾಗಿಸಿದರೆ ಐದು. ಗಮನಿಸಿ, ಐದು ದಿನ ತಪ್ಪಿಸಿದವರು ಆ ಮಿಲ್ಲಿನಲ್ಲಿ ಒಬ್ಬರೂ ಇಲ್ಲ. ಸರಾಸರಿ ಎಂಬ ಹೆಂಗಸು ಅಲ್ಲಿ ಯಾವತ್ತೂ ಕೆಲಸಕ್ಕೆ ಬಂದಿಲ್ಲ.

3

(ಸ್ವಲ್ಪ ಪಾಠ. ಹಾರಿಸಬೇಡಿ, ಒಬ್ಬಳ ಕೆಲಸ ಇದರ ಮೇಲೆ ನಿಂತಿದೆ.)

ಐದು ಎಂಬುದು ಈ ವರ್ಷದ ಮಾತು. ಮಿಲ್ಲಿನ ನಿಜವಾದ ಸರಾಸರಿ ಅದರ ಆಚೀಚೆ ಎಲ್ಲೋ ಇರುತ್ತದೆ. ಆದ್ದರಿಂದ ಬಲ್ಲವರು ಒಂದೇ ಸಂಖ್ಯೆ ಹೇಳುವುದಿಲ್ಲ, ಎರಡು ತುದಿ ಹೇಳುತ್ತಾರೆ: ಇಲ್ಲಿಂದ ಇಲ್ಲಿಯವರೆಗೆ. ಇದೇ ಕಾನ್ಫಿಡೆನ್ಸ್ ಇಂಟರ್ವಲ್. ಇದೊಂದು ಬಲೆ. ನೂರು ಸಲ ಬೀಸಿದರೆ ತೊಂಬತ್ತೈದು ಸಲ ನಿಜ ಒಳಗೆ ಬೀಳಬೇಕು ಎಂಬ ಲೆಕ್ಕದಲ್ಲಿ ಹೆಣೆದದ್ದು. ಈ ಸಲ ಬಿದ್ದಿದೆಯೇ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಆದರೂ ಧೈರ್ಯವಾಗಿ ಹೇಳುತ್ತಾರೆ. ನನಗೆ ಈ ವಿದ್ಯೆ ಇಷ್ಟವಾಗುವುದು ಈ ಕಾರಣಕ್ಕೇ. ತನ್ನ ಅಜ್ಞಾನದ ಅಗಲ ಇಷ್ಟು ಅಂತ ಅಳೆದು ಹೇಳುವವರನ್ನು ನಾನು ನಂಬುತ್ತೇನೆ.

ಪುಸ್ತಕದ ಸಾದಾ ಸೂತ್ರದ ಪ್ರಕಾರ ಆಳಂದದ ಬಲೆ ಐದರ ಆಚೀಚೆ ಏಳೂವರೆ ದಿನ ಹರಡಿಕೊಂಡಿತು. ಮೇಲ್ತುದಿ ಹನ್ನೆರಡೂವರೆ. ಕೆಳತುದಿ ಮೈನಸ್ ಎರಡೂವರೆ.

ಮಿಲ್ಲಿನ ಮಾಲೀಕ ಅನೀಲಕುಮಾರ ಒಳ್ಳೆಯ ಮಾತಿನವರು. ಸಪ್ನಾ ಹಾಳೆ ಮುಂದಿಟ್ಟಾಗ ಕನ್ನಡಕ ಹಾಕಿಕೊಂಡರು, ತೆಗೆದರು, ಮತ್ತೆ ಹಾಕಿಕೊಂಡರು.

"ಮೇಡಂ, ಇದರ ಮುಂದ ಸಣ್ಣ ಗೆರಿ ಎದಕ್ರಿ?"

"ಮೈನಸ್ ರಿ ಸರ್."

"ಅಂದ್ರ ನಮ್ಮ ಹೆಣ್ಮಕ್ಳು ವರ್ಷದ ಅಷ್ಟೂ ದಿನ ಬಂದು, ಮ್ಯಾಲ ಎರಡೂವರಿ ದಿನ ಹೆಚ್ಚಿಗಿ ಬಂದಾರೇನ್ರಿ? ಏ ಜಗದೇವ! ಆ ಎರಡೂವರಿ ದಿನ ಯಾಕ ಬರದಿಲ್ಲೋ ಹಾಜರ್ಯಾಗ?"

ಗುಮಾಸ್ತ ಜಗದೇವ ಬಾಗಿಲಲ್ಲಿ ನಿಂತು ನಕ್ಕ. ಸಪ್ನಾಳೂ ನಕ್ಕಳು, ಬೇರೆ ದಾರಿ ಇರಲಿಲ್ಲ.

"ನಗ್ಬ್ಯಾಡ್ರಿ ಮೇಡಂ, ತಪ್ಪು ನಿಮ್ದಲ್ಲ," ಅನೀಲಕುಮಾರ ಹೇಳಿದರು. "ಆ ಹದಿನೇಳನೇ ಬಿಲ್ಲಿ ಖಾಸೀಂಬಿದು ಅದ ನೋಡ್ರಿ, ಆಕಿನೇ ಲೆಕ್ಕ ಕೆಡಸಾಕತ್ತಾಳ. ಆಕಿದು ಆಕಿ ಸ್ವಂತ ರೋಗ. ಉಳದವರನ್ನ ನೋಡ್ರಿ, ಎಷ್ಟು ಸಾಫ್ ಅದಾರ. ಆಕಿನ್ನ ಪಟ್ಟಿಯಿಂದ ತಗೀರಿ. ಸೋಮವಾರಕ್ಕ ನಾನೂ ಬಿಲ್ಲಿ ಇಸ್ಕೋತೇನಿ. ಆರಾಮ ಮನ್ಯಾಗ ಇರ್ಲಿ."

ಬಿಲ್ಲೆ ಅಂದರೆ ನಂಬರು ಕೊರೆದ ತಗಡಿನ ತುಂಡು. ಬೆಳಿಗ್ಗೆ ಬಂದವರು ಗೇಟಿನ ಹಲಗೆಯ ಮೊಳೆಗೆ ತಮ್ಮ ಬಿಲ್ಲೆ ಹಾಕಿ ಒಳಗೆ ಹೋಗುತ್ತಾರೆ. ಜಗದೇವ ನಂಬರು ನೋಡಿ ಹಾಜರಿ ಬರೆಯುತ್ತಾನೆ. ಬಿಲ್ಲೆ ಇಸಿದುಕೊಂಡರೆ ಕೆಲಸ ಹೋಯಿತು ಎಂದರ್ಥ.

ಸಪ್ನಾ ಹೊರಗೆ ಬಂದು ತನ್ನ ಮೇಲಿನ ಅಧಿಕಾರಿ ಧಮ್ಮಪಾಲ ಸರ್‌ಗೆ ಫೋನ್ ಮಾಡಿದಳು. ಅವರೂ ಅದನ್ನೇ ಹೇಳಿದರು. "ಔಟ್‌ಲಯರ್ ಅದ, ಗುಂಪು ಬಿಟ್ಟು ದೂರ ಬಿದ್ದದ್ದು. ತಗೀಯವ್ವಾ. ಕೆಳಗ ಒಂದು ಅಡಿಟಿಪ್ಪಣಿ ಹಾಕು. ಚಂದ ಬರ್ತದ."

ಚಂದ ಬಂತು ನಿಜ. ಖಾಸೀಂಬಿಯನ್ನು ತೆಗೆದರೆ ಸರಾಸರಿ ಒಂದೂಕಾಲಕ್ಕೆ ಸ್ವಲ್ಪ ಮೇಲೆ. ಕೆಳತುದಿ ಅರ್ಧ ದಿನ ದಾಟಿ, ಮೇಲ್ತುದಿ ಎರಡರ ಹತ್ತಿರ. ಆರೋಗ್ಯವಂತ ಮಿಲ್ಲು.

5

ನಾಲ್ಕನೆಯ ಭಾಗವನ್ನು ತೆಗೆದಿದ್ದೇನೆ. ಅದರಲ್ಲಿ ಖಾಸೀಂಬಿಯ ಬಾಲ್ಯವಿತ್ತು. ಓದಿದರೆ ನಿಮ್ಮ ಕಣ್ಣು ಒದ್ದೆಯಾಗುತ್ತಿತ್ತು, ಅಷ್ಟು ಸುಳ್ಳಾಗಿ ಬರೆದಿದ್ದೆ. ತೆಗೆದದ್ದನ್ನು ಹೇಳಿ ತೆಗೆಯುವುದು ನನ್ನ ಪದ್ಧತಿ. ನಂಬರು ಹಾರಿಸಿದ್ದು ಅದಕ್ಕೇ. ವರದಿಗಳಲ್ಲಿ ಹೀಗೆ ನಂಬರು ಹಾರುವುದಿಲ್ಲ. ಅಲ್ಲಿ ಒಬ್ಬಳು ಹೋದರೆ ಉಳಿದವರನ್ನು ಒತ್ತಿ ಕೂಡಿಸುತ್ತಾರೆ.

6

ಸಪ್ನಾಗೆ ಎರಡು ವಿಷಯ ಸರಿಹೋಗಲಿಲ್ಲ.

ಮೊದಲನೆಯದು ವಿದ್ಯೆಯದು. ಮುಕ್ಕಾಲು ಮಂದಿ ಸೊನ್ನೆಯ ಹತ್ತಿರ ಗುಂಪಾಗಿ ಕೂತು ಒಬ್ಬಿಬ್ಬರು ದೂರ ನಿಂತಿರುವ ಇಂಥ ಓರೆ ಲೆಕ್ಕಕ್ಕೆ ಸಾದಾ ಸೂತ್ರ ಒಗ್ಗುವುದಿಲ್ಲ. ತೊಂಬತ್ತೈದು ಸಲ ಹಿಡಿಯುತ್ತೇನೆ ಅನ್ನುತ್ತದೆ, ಅಷ್ಟು ಹಿಡಿಯುವುದಿಲ್ಲ. ತಪ್ಪಿದಾಗಲೂ ಬಹುಪಾಲು ಒಂದೇ ದಿಕ್ಕಿಗೆ ತಪ್ಪುತ್ತದೆ, ಬೇನೆಯನ್ನು ಕಡಿಮೆ ಎಣಿಸುವ ದಿಕ್ಕಿಗೆ. ಹಾಗಾಗಿ ಅವಳು ಬೇರೆ ದಾರಿ ಹಿಡಿದಳು. ಇಪ್ಪತ್ತನಾಲ್ಕು ಚೀಟಿ ಒಂದು ಡಬ್ಬಿಯಲ್ಲಿ ಹಾಕಿದಂತೆ ಮಾಡಿ, ಒಂದು ತೆಗೆದು, ಬರೆದುಕೊಂಡು, ಮತ್ತೆ ಒಳಗೆ ಹಾಕಿ, ಹೀಗೆ ಇಪ್ಪತ್ತನಾಲ್ಕು ಸಲ ಮಾಡಿದರೆ ಒಂದು ಕಲ್ಪನೆಯ ಮಿಲ್ಲು. ಲ್ಯಾಪ್‌ಟಾಪು ಇಂಥ ಸಾವಿರ ಮಿಲ್ಲು ಕಟ್ಟಿತು. ಕೆಳತುದಿ ಒಂದಕ್ಕೆ ತುಸು ಕಡಿಮೆ, ಮೇಲ್ತುದಿ ಹನ್ನೆರಡೂವರೆ. ಮೈನಸ್ ಹೋಯಿತು, ಆದರೆ ಮೂರು ದಿನ ದಾಟಲಿಲ್ಲ. ಸಾವಿರದಲ್ಲಿ ಹೆಚ್ಚುಕಡಿಮೆ ಮುನ್ನೂರಾ ಅರವತ್ತು ಮಿಲ್ಲುಗಳಲ್ಲಿ ಖಾಸೀಂಬಿಯ ಚೀಟಿ ಬಂದೇ ಇರಲಿಲ್ಲ. ಆ ಮಿಲ್ಲುಗಳು ಬಹಳ ಆರೋಗ್ಯವಾಗಿದ್ದವು.

ಎರಡನೆಯದು ಜೇವರ್ಗಿ. ಅಲ್ಲಿ ಇಪ್ಪತ್ತಾರು ಹೆಂಗಸರು. ಸರಾಸರಿ ಹದಿನೆಂಟು ದಿನ, ಹದಿಮೂರರಿಂದ ಇಪ್ಪತ್ತಮೂರು. ಒಂದೇ ತೊಗರಿ, ಒಂದೇ ಕಂಪನಿಯ ಯಂತ್ರ, ಅದೇ ಹೊಟ್ಟು. ಜೇವರ್ಗಿಯವರು ಹದಿನೆಂಟು ದಿನ ಕೆಮ್ಮುವಾಗ ಆಳಂದದವರು ಒಂದು ದಿನ ಕೆಮ್ಮುವುದು ಹೇಗೆ? ಆಳಂದದ ನೀರಿನಲ್ಲಿ ಏನಾದರೂ ಇದೆಯೇ? ಅವಳಿಗೆ ಕಂಡ ವ್ಯತ್ಯಾಸ ಒಂದೇ: ಜೇವರ್ಗಿಯ ಗೇಟಿನಲ್ಲಿ ಬಿಲ್ಲೆ ಇಲ್ಲ, ಹೆಬ್ಬೆಟ್ಟು ಒತ್ತುವ ಮಷಿನ್ ಇದೆ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಮುಂದಿನ ಪುಟಕ್ಕೆ ಹೋಗಿದ್ದಳು.

7

ಮಧ್ಯಾಹ್ನ ಊಟದ ಹೊತ್ತಿಗೆ ಹೆಂಗಸರು ಗೋಡೌನಿನ ನೆರಳಿನಲ್ಲಿ ಬುತ್ತಿ ಬಿಚ್ಚಿದ್ದರು. ಅವರಲ್ಲಿ ಭಾಗಮ್ಮ ಹಿರಿಯಳು, ಒಂಬತ್ತನೇ ಬಿಲ್ಲೆ, ಹದಿನಾಲ್ಕು ವರ್ಷದ ಕೆಲಸ. ಅವಳೇ ಕರೆದಳು.

"ಬಾ ತಂಗಿ, ರೊಟ್ಟಿ ತಿನ್ನು. ನಮ್ಮ ಕೆಮ್ಮಿನ ಲೆಕ್ಕ ಏನಾತು ಹೇಳು."

ಬಾಯಲ್ಲಿ ಹೇಳಿದರೆ ತಿಳಿಯಲಿಕ್ಕಿಲ್ಲ ಎಂದು ಸಪ್ನಾ ನಿಜವಾಗಿಯೂ ಇಪ್ಪತ್ತನಾಲ್ಕು ಚೀಟಿ ಹರಿದು ಒಂದೊಂದರ ಮೇಲೆ ಒಂದು ಬಿಲ್ಲೆಯ ನಂಬರು ಬರೆದು ಖಾಲಿ ಬುತ್ತಿ ಡಬ್ಬಿಗೆ ಹಾಕಿದಳು.

"ಒಂದು ತಗೀರಿ ಅಕ್ಕಾ. ಓದಿ ಮತ್ತ ಒಳಗ ಹಾಕ್ರಿ. ಹಿಂಗ ಇಪ್ಪತ್ನಾಕು ಸಲ."

"ತಗದಿದ್ದು ಮತ್ತ ಯಾಕ ಒಳಗ ಹಾಕ್ಬೇಕು?"

"ಹಾಕ್ಲಿಲ್ಲಂದ್ರ ಅವೇ ಇಪ್ಪತ್ನಾಕು ಬರ್ತಾವಲ್ರಿ. ಹಾಕಿದ್ರ ಬ್ಯಾರೆ ಮಿಲ್ ಆಗ್ತದ. ನಿಮ್ಮ ಮಿಲ್ಲಿನಂಥದ್ದೇ, ಜರಾ ಬ್ಯಾರೆ."

ಭಾಗಮ್ಮ ತೆಗೆದಳು, ಹಾಕಿದಳು. ಒಂಬತ್ತು ಬಂತು. ಸ್ವಲ್ಪ ಹೊತ್ತಿಗೆ ಮತ್ತೆ ಒಂಬತ್ತು. ಕೊನೆಗೆ ಇನ್ನೊಮ್ಮೆ ಒಂಬತ್ತು. ಹದಿನೇಳು ಬರಲೇ ಇಲ್ಲ.

"ಅಯ್ಯ ಬೇ, ನಾನೇ ಮೂರು ಸಲ ಬಂದೆ!"

"ಅದ್ರಾಗೇನು ಹೊಸಾದು?" ಪಕ್ಕದಲ್ಲಿ ಕೂತವಳು ರೊಟ್ಟಿ ಮುರಿಯುತ್ತ ಅಂದಳು. "ಯಾವಾಗ್ಲೂ ನೀ ಮೂರು ಮಂದೀನೇ. ಒಮ್ಮೆ ನೀ, ಒಮ್ಮೆ ನಿನ್ನ ನೆಗೆಣ್ಣಿ, ಒಮ್ಮೆ ನಿನ್ನ ನಾದಿನಿ. ಡಬ್ಬಿಗೂ ನಿನ್ನ ಬದಲಿ ಗೊತ್ತಾಗ್ಯಾದ ನೋಡು!"

ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ನಗು ನಿಲ್ಲಿಸಿದರು, ಯಾಕೆಂದರೆ ಸಪ್ನಾ ನಗುತ್ತಿರಲಿಲ್ಲ.

"ಬದಲಿ ಅಂದ್ರೇನ್ರಿ ಅಕ್ಕಾ?"

ಭಾಗಮ್ಮ ಡಬ್ಬಿ ಕೆಳಗಿಟ್ಟಳು. ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಆಳಂದದ ಈ ಮಿಲ್ಲಿನಲ್ಲಿ ಬಿಲ್ಲೆ ಒಬ್ಬಳದಲ್ಲ, ಮನೆಯದು. ಮೈಯಲ್ಲಿ ಸರಿ ಇಲ್ಲದ ದಿನ ಮನೆಯ ಇನ್ನೊಬ್ಬಳು ಬಿಲ್ಲೆ ತಂದು ಮೊಳೆಗೆ ಹಾಕುತ್ತಾಳೆ. ಮುಖಕ್ಕೆ ಬಟ್ಟೆ ಕಟ್ಟಿರುತ್ತದೆ. ಪುಸ್ತಕದಲ್ಲಿ ಒಂಬತ್ತನೇ ನಂಬರು ಹಾಜರ್.

"ನಿಮ್ದು ಹಾಜರ್ಯಾಗ ಸೊನ್ನಿ ಅದ. ಖರೇ ಎಷ್ಟು ದಿನ ಮನ್ಯಾಗ ಇದ್ರಿ?"

ಭಾಗಮ್ಮ ಬೆರಳು ಮಡಚಿದಳು. "ಪಂಚಮಿ ಮುಂದ ಹತ್ತು ದಿನ. ದೀಪಾವಳಿ ಆದಮ್ಯಾಲ ಹನ್ನೆರಡು. ಸಂಕ್ರಾಂತಿಗಿ ಆರು. ಎಷ್ಟಾತು, ಇಪ್ಪತ್ತೆಂಟು? ಆ ಸಂಕ್ರಾಂತಿ ಆರು ದಿನ ಬಾಯಿಗಿ ಕಾಳು ಸೇರಲಿಲ್ಲ ಯವ್ವಾ."

ಸಪ್ನಾ ಇಷ್ಟು ದಿನ ತಗಡಿನ ತುಂಡುಗಳ ಆರೋಗ್ಯ ಅಳೆಯುತ್ತಿದ್ದಳು. ತಗಡಿಗೆ ಕೆಮ್ಮು ಬರುವುದಿಲ್ಲ.

8

ಇಲ್ಲಿ ಸಪ್ನಾ ನನ್ನ ಜೊತೆ ಜಗಳಕ್ಕೆ ಬಂದಳು.

"ನನ್ನ ಅವ್ವನ್ನ ಕತಿಯೊಳಗ ತರಬ್ಯಾಡ್ರಿ."

"ತರ್ಲಿಲ್ಲಂದ್ರ ನೀ ಮಾಡಿದ ತಪ್ಪು ಓದುವವರಿಗಿ ತಿಳ್ಯಾಂಗಿಲ್ಲ," ಅಂದೆ.

"ಹಂಗಾದ್ರ ಎರಡೇ ಸಾಲು. ಅಳೋದು ಇರಬಾರ್ದು."

ಎರಡು ಸಾಲು: ಸಪ್ನಾಳ ತಾಯಿ ಮಧುಮತಿ ನಿಂಬರ್ಗಾದಲ್ಲಿ ತೊಗರಿ ಕೊಯ್ಲಿಗೆ ಹೋಗುತ್ತಿದ್ದಳು, ಅವಳಿಗೆ ಜ್ವರ ಬಂದ ದಿನ ಕಾಲೇಜಿಗೆ ರಜೆ ಹಾಕಿ ಅವಳ ಜಾಗದಲ್ಲಿ ಹೋಗಿ ಅವಳ ಹೆಸರಿಗೆ ಹಾಜರಿ ಹೇಳುತ್ತಿದ್ದವಳು ಸಪ್ನಾಳೇ. ಅಂಥವಳು ಹಾಜರಿ ಪುಸ್ತಕ ಕೈಗೆ ಬಂದ ಕೂಡಲೇ, ಅದರ ಗೆರೆಗಳು ನೇರವಾಗಿದ್ದವು ಎಂಬ ಕಾರಣಕ್ಕೆ, ಅದನ್ನು ನಂಬಿದಳು.

"ಸಾಕು," ಅಂದಳು. "ಮುಂದ ಹೋಗ್ರಿ."

9

ಮುಂದಿನ ವಾಕ್ಯವನ್ನು ನಾನು ಮೊದಲೇ ಬರೆದಿಟ್ಟಿದ್ದೆ: 'ಖಾಸೀಂಬಿಗೆ ತನ್ನವರೆಂಬುವರು ಯಾರೂ ಇರಲಿಲ್ಲ, ಆದ್ದರಿಂದ ಅವಳ ಬದಲಿಗೆ ಬರುವವರೂ ಇರಲಿಲ್ಲ.'

ಖಾಸೀಂಬಿ ನಳದಲ್ಲಿ ಕೈ ತೊಳೆದುಕೊಂಡು ಬಂದವಳು ಅದನ್ನು ಕೇಳಿಸಿಕೊಂಡಳು. ನಲವತ್ತೆರಡು ವರ್ಷ, ಗಟ್ಟಿ ದನಿ. ದಮ್ಮು ಹತ್ತಿದಾಗಲೂ ಮಾತು ನಿಲ್ಲಿಸುವವಳಲ್ಲ.

"ಏ ತಮ್ಮಾ, ಯಾರೂ ಇಲ್ಲಂತ ಯಾರಂದ್ರು ನಿನಗ? ಖಜೂರಿ ಊರಾಗ ನನ್ನ ಭಾಬಿ ಅದಾಳ, ಶಮ್ಸುನ್ನಿಸಾ. ಗೂಳಿ ಇದ್ದಂಗ ಅದಾಳ. ಕರದ್ರ ನಾಳೆ ಮುಂಜಾನಿ ಬಸ್ಸಿಗಿ ಬರ್ತಾಳ. ನಾ ಕರ್ಯಾಂಗಿಲ್ಲ."

"ಯಾಕ?"

"ನನ್ನ ಹೊಲಿಗಿ ಮಷಿನ್ ಇಟ್ಕೊಂಡು ಎಂಟು ವರ್ಷ ಆತು. ಅದು ಮನಿಗಿ ಬರೋತನಕ ಮಾತಿಲ್ಲ. ಇದನ್ನ ಬರಿ. ಪಾಪ-ಗೀಪ ಬರಿಬ್ಯಾಡ."

ಬರೆದಿದ್ದೇನೆ. ಅಂದರೆ ಆ ಎಂಬತ್ತೊಂಬತ್ತರಲ್ಲಿ ತೊಗರಿ ಹೊಟ್ಟು ಎಷ್ಟು, ಹೊಲಿಗೆ ಮಷಿನ್ ಎಷ್ಟು ಎಂದು ಬಿಡಿಸಿ ಹೇಳುವ ಸೂತ್ರ ನನಗೆ ಗೊತ್ತಿಲ್ಲ.

ಖಾಸೀಂಬಿ ಹೆಂಗಸರ ಕಡೆ ತಿರುಗಿದಳು. "ನಾನೂ ಕೆಮ್ಮೀನಿ, ನೀವೂ ಕೆಮ್ಮೀರಿ. ನಿಮ್ಮ ಬಿಲ್ಲಿ ಮೊಳಿಗಿ ತೂಗಾಡ್ತಿತ್ತು, ನಂದು ಮನ್ಯಾಗ ಬಿದ್ದಿತ್ತು. ಈಗ ಎಲ್ಲಾರ ಕೆಮ್ಮೂ ನನ್ನ ಒಬ್ಬಾಕಿ ಹೆಸರಿಲೆ ಬರದು ಸೋಮವಾರ ನನ್ನ ಹೊರಗ ಹಾಕ್ತಾರ. ಮಜಾ ಅದ."

"ಬಾಯಿ ಬಿಟ್ರ ಜೇವರ್ಗಿಯಂಗ ಹೆಬ್ಬಟ್ಟಿನ ಮಷಿನ್ ತರ್ತಾರ ಖಾಸೀಂಬಿ," ಭಾಗಮ್ಮ ಅಂದಳು. "ಆಗ ಬದಲಿ ಇಲ್ಲ, ಏನಿಲ್ಲ. ಜ್ವರ ಬಂದ್ರ ಬಿದ್ಕೋಬೇಕು, ದಿನ ಹೋಯ್ತಂತ ಅಳಬೇಕು."

"ಮಾಲಕರಿಗಿ ಗೊತ್ತಿಲ್ಲೇನ್ರಿ ಅಕ್ಕಾ?" ಸಪ್ನಾ ಕೇಳಿದಳು.

"ನನ್ನ ನೆಗೆಣ್ಣಿ ನನಕಿಂತ ಗೇಣುದ್ದ ಎತ್ತರ ಅದಾಳ. ಮಾಲಕರೇನು ಕುರುಡ್ರೇನು? ಬಿಲ್ಲಿ ಮೊಳಿಮ್ಯಾಲ ಇದ್ರ ಕೆಲಸ ನಿಂದ್ರಾಂಗಿಲ್ಲ, ಅವರಿಗಿ ಅದೇ ಬೇಕು. ಆದ್ರ ಗೊತ್ತಿರೋದು ಬ್ಯಾರೆ ತಂಗಿ, ಬರದು ಇಡೋದು ಬ್ಯಾರೆ. ಬರದ್ರ ಅವರು ಏನಾರ ಮಾಡಲೇಬೇಕಾಗ್ತದ."

ಊಟದ ಹೊತ್ತು ಮುಗಿದ ಗಂಟೆ ಹೊಡೆಯಿತು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಎಲ್ಲರೂ ಒಳಗೆ ಹೋದರು. (ಇಲ್ಲಿ ಒಂದು ಭಾರವಾದ ಮೌನ ಹಾಕಬೇಕೆಂದಿದ್ದೆ. ಯಂತ್ರದ ಸದ್ದಿನಲ್ಲಿ ಅದು ಯಾರಿಗೂ ಕೇಳುತ್ತಿರಲಿಲ್ಲ.)

10

ಮರುದಿನ ಅದೇ ಹೊತ್ತಿಗೆ ಭಾಗಮ್ಮ ಹಳೆಯ ಪೇಪರಿನ ಇಪ್ಪತ್ತನಾಲ್ಕು ಪೊಟ್ಟಣ ಸುತ್ತಿ ತಂದಿದ್ದಳು, ಜೊತೆಗೆ ಒಂದು ಮೊರ ತೊಗರಿ ಕಾಳು.

"ಹೆಸರು ಬ್ಯಾಡ, ನಂಬರ ಬ್ಯಾಡ. ಒಬ್ಬೊಬ್ಬಾಕಿ ಗೋಡೌನ್ ಹಿಂದ ಹೋಗಿ, ತಾ ಖರೇ ಎಷ್ಟು ದಿನ ಮನ್ಯಾಗ ಇದ್ಲೋ ಅಷ್ಟು ಕಾಳು ಹಾಕಿ, ಮಡಚಿ ಈ ಚೀಲದಾಗ ಒಗೀಬೇಕು. ಯಾವುದು ಯಾರ್ದು ಅಂತ ಈ ತಂಗಿಗೂ ಗೊತ್ತಾಗಬಾರ್ದು."

"ನನ್ನ ಸಲುವಾಗಿ ಇಷ್ಟೆಲ್ಲಾ ಮಾಡಾಕತ್ತಿಯೇನು ಭಾಗಮ್ಮಾ?" ಖಾಸೀಂಬಿ ಕೆಣಕಿದಳು.

"ನಿನ್ನ ಸಲುವಾಗಿ ಯಾಕ ಮಾಡ್ಲಿ ಬೇ? ಯುಗಾದಿ ಪಾಡ್ಯಾ ಆದಮ್ಯಾಲ ನನ್ನ ನೆಗೆಣ್ಣಿ ಸೊಲ್ಲಾಪುರಕ್ಕ ಹೊಂಟಾಳ, ನಾದಿನಿ ಬಸರಿ ಅದಾಳ. ಮುಂದಿನ ವರ್ಷ ಎಂಬತ್ತೊಂಬತ್ತು ನಂದೇ ಆಗ್ತದ."

ಒಬ್ಬಳು ಹಬ್ಬ ಎಣಿಸಿದಳು, ಒಬ್ಬಳು ಮಗಳ ಪರೀಕ್ಷೆ ಎಣಿಸಿದಳು, ಒಬ್ಬಳು ಎರಡು ಸಲ ಹೋಗಿ ಪೊಟ್ಟಣ ತಿದ್ದಿ ಬಂದಳು. ಸಪ್ನಾ ಚೀಲ ಸುರಿದು ಎಣಿಸಿದಳು. ಕಡಿಮೆ ಎಂದರೆ ನಾಲ್ಕು ಕಾಳು. ಹೆಚ್ಚಿನವು ಹತ್ತರಿಂದ ಮೂವತ್ತರೊಳಗೆ. ಒಂದರಲ್ಲಿ ನಲವತ್ತೊಂದು, ಒಂದರಲ್ಲಿ ನಲವತ್ತೇಳು. ಒಂದರಲ್ಲಿ ಎಂಬತ್ತೊಂಬತ್ತು, ಹೆಸರಿಲ್ಲದಿದ್ದರೂ ಅದು ಯಾರದೆಂದು ಎಲ್ಲರಿಗೂ ಗೊತ್ತು. ಒಟ್ಟು ಐನೂರಾ ಮೂವತ್ತು.

"ಕಾಳು ಮತ್ತ ಚೀಲಕ್ಕ ಹಾಕ್ರಿ," ಭಾಗಮ್ಮ ಹೇಳಿದಳು. "ಕದ್ದಾರಂತ ಇನ್ನೊಂದು ಸರ್ವೆ ಆದೀತು."

11

ಸರಾಸರಿ ಇಪ್ಪತ್ತೆರಡು. ಕೆಳತುದಿ ಹದಿನಾಲ್ಕೂವರೆ, ಮೇಲ್ತುದಿ ಮೂವತ್ತಕ್ಕೆ ತುಸು ಕಡಿಮೆ.

ಬಲೆಯ ಅಗಲ ನೋಡಿ: ಮೊದಲು ಹದಿನೈದು ದಿನ, ಈಗಲೂ ಹದಿನೈದು. ಅನಿಶ್ಚಿತತೆ ಒಂದು ಎಳೆಯಷ್ಟೂ ಕಡಿಮೆಯಾಗಿಲ್ಲ. ಬಲೆ ಜಾಗ ಬದಲಿಸಿದೆ, ಅಷ್ಟೇ. ಸೊನ್ನೆಯ ಆಚೆ ಬಿದ್ದಿದ್ದ ಕೆಳತುದಿ ಮೂರನ್ನು ದಾಟಿ ಬಹಳ ದೂರ ಹೋಗಿ ಕೂತಿದೆ. ಸಾವಿರ ಮಿಲ್ಲು ಕಟ್ಟಿ ನೋಡಿದರೂ ಅದು ಹದಿನಾಲ್ಕಕ್ಕಿಂತ ಕೆಳಗೆ ಬರಲಿಲ್ಲ. ನೆನಪಿನಿಂದ ಹಾಕಿದ ಕಾಳು ಹಾಜರಿ ಪುಸ್ತಕದಷ್ಟು ನಿಖರವಲ್ಲ, ಒಪ್ಪುತ್ತೇನೆ. ಹಾಜರಿ ಪುಸ್ತಕ ತಪ್ಪನ್ನು ಬಹಳ ನಿಖರವಾಗಿ ಬರೆದಿತ್ತು.

ಧಮ್ಮಪಾಲ ಸರ್ ಕೆಟ್ಟವರಲ್ಲ. ಫೋನಿನಲ್ಲಿ ಪೂರ್ತಿ ಕೇಳಿಸಿಕೊಂಡರು. ಜೇವರ್ಗಿಯ ಸಂಖ್ಯೆಯ ಪಕ್ಕ ಇಟ್ಟು ನೋಡಿದರು.

"ಶಾಣ್ಯಾಕಿ ಅದೀಯವ್ವಾ. ಕಾಳಿನ ಲೆಕ್ಕಾನೇ ಕಳ್ಸೋಣ, 'ಕಾರ್ಮಿಕರೇ ಹೇಳಿದ್ದು' ಅಂತ. ಆದ್ರ ಒಂದು ಮಾತು. ಆ ಎಂಬತ್ತೊಂಬತ್ತು ತಗದ್ಬಿಡು."

"ಯಾಕ್ರಿ ಸರ್? ಈಗ ಅದು ಅಷ್ಟು ದೂರ ಇಲ್ಲಲ್ರಿ."

"ಕಂಪನ್ಯಾವ್ರು ಮದಲ ಅದನ್ನೇ ಹಿಡೀತಾರ. ಅದು ಸುಳ್ಳಂದ್ರ ಎಲ್ಲಾ ಕಾಳೂ ಸುಳ್ಳಂತಾರ. ತಗದು ನೋಡು: ಇಪ್ಪತ್ಮೂರು ಮಂದಿ, ಕೆಳತುದಿ ಹದಿನಾಲ್ಕು, ಮ್ಯಾಲ ಇಪ್ಪತ್ನಾಕು. ಬರಾಬರ್ ಜೇವರ್ಗಿ ಹಂಗ. ಇಪ್ಪತ್ಮೂರು ಮಂದಿ ಗಟ್ಟಿ ಉಳೀತಾರ."

"ಪಟ್ಟ್ಯಾಗ ಇಲ್ಲದಾಕಿಗಿ ಷರತ್ತು ಹತ್ತಾಂಗಿಲ್ರಿ ಸರ್. ಸೋಮವಾರ ಆಕಿ ಬಿಲ್ಲಿ ಇಸ್ಕೋತಾರ."

"ಒಬ್ಬಾಕಿ ಅಷ್ಟೇ," ಸರ್ ಅಂದರು. "ವಿಚಾರ ಮಾಡಿ ಸಂಜಿ ಒಳಗ ಕಳ್ಸು."

12

ಓದುಗರೇ, ಇಲ್ಲಿಂದ ಮುಂದಕ್ಕೆ ನನ್ನ ಹತ್ತಿರ ಮೂರು ಮುಕ್ತಾಯಗಳಿವೆ.

ಒಂದು. ಸಪ್ನಾ ಇಪ್ಪತ್ತಮೂರು ಎಂದು ಬರೆಯುತ್ತಾಳೆ. ವರದಿ ಒಪ್ಪಿಗೆಯಾಗುತ್ತದೆ. ಇಪ್ಪತ್ತಮೂರು ಮಂದಿಗೆ ಔಷಧಿ ಬರುತ್ತದೆ. ಖಾಸೀಂಬಿ ಒಂದು ಅಡಿಟಿಪ್ಪಣಿ. ಇದು ತರ್ಕಬದ್ಧವಾಗಿದೆ, ಅದೇ ಇದರ ಕೆಟ್ಟತನ.

ಎರಡು. ಇಪ್ಪತ್ತನಾಲ್ಕು ಎಂದು ಬರೆಯುತ್ತಾಳೆ. ಕಂಪನಿ ಅನುಮಾನಪಟ್ಟು ಎಲ್ಲವನ್ನೂ ತಿರಸ್ಕರಿಸುತ್ತದೆ. ಆಗ ಇಪ್ಪತ್ತನಾಲ್ಕು ಮಂದಿಯೂ ನನ್ನನ್ನು ಬೈಯುತ್ತಾರೆ.

ಮೂರು. ಹೆಂಗಸರು ಸರದಿಯಲ್ಲಿ ಖಾಸೀಂಬಿಗೂ ಬದಲಿ ಕಳಿಸುತ್ತಾರೆ. ಹದಿನೇಳನೇ ಬಿಲ್ಲೆ ದಿನಾಲೂ ಮೊಳೆಯ ಮೇಲೆ. ಮುಂದಿನ ವರ್ಷ ಹಾಜರಿ ಪುಸ್ತಕದಲ್ಲಿ ಎಲ್ಲರೂ ಸೊನ್ನೆ, ಮಿಲ್ಲು ಅತ್ಯಂತ ಆರೋಗ್ಯವಂತ. ಒಳ್ಳೆಯತನವೇ ಸಾಕ್ಷಿಯನ್ನು ಅಳಿಸಿಹಾಕುತ್ತದೆ. (ಇದು ಬಹುಮಾನ ಬರುವ ಮುಕ್ತಾಯ. ನನಗೆ ಬಹಳ ಆಸೆಯಿತ್ತು.)

"ಮೂರನೇದು ಮದಲ ಹರೀ," ಎಂದಳು ಖಾಸೀಂಬಿ. ಹಾಳೆಗಳನ್ನು ಕೈಯಲ್ಲಿ ತೂಗಿ ನೋಡಿದಳು. "ಇದ್ರಾಗ ನನ್ನ ಬಗ್ಗೆ ಎಷ್ಟು ಅದ?"

"ಅರ್ಧ ಆದೀತು."

"ಉಳದ ಇಪ್ಪತ್ಮೂರು ಮಂದಿ ಬಗ್ಗೆ?"

ಅವಳ ಕೈಯ ಹಾಳೆಗಳಲ್ಲಿ ನಾನು ಭಾಗಮ್ಮನ ಪುಟ ಹುಡುಕತೊಡಗಿದೆ.

"ಮಾಲಕ ನನ್ನ ಹೊರಗ ಇಡಾಕ ನೋಡ್ತಾನ. ಸರ್ ಹೊರಗ ಇಡಾಕ ನೋಡ್ತಾನ. ನೀ ಭಾಳ ಶಾಣ್ಯಾ, ನಡುವ ಕೂಡಿಸಿ ಹೊರಗ ಇಟ್ಟಿ. ಒಬ್ಬಾಕಿ ಕೆಮ್ಮಿದ್ರ ಕತಿ ಆಗ್ತದ ತಮ್ಮಾ. ನನಗ ಕತಿ ಬ್ಯಾಡ. ನನ್ನ ಎಲ್ಲಾರ ಸಂಗಾಟ ಲೆಕ್ಕದಾಗ ಇಡ್ರಿ."

"ಇಟ್ಟಮ್ಯಾಲ ಏನಾಗ್ತದೋ ನನಗ ಗೊತ್ತಿಲ್ಲ," ಅಂದೆ.

"ಗೊತ್ತಿಲ್ಲಂದ್ರ ಗೊತ್ತಿಲ್ಲಂತ ಬರಿ. ಅದಕ್ಯಾಕ ಮೂರು ಮೂರು ಬರದಿ?"

ಮೂರನ್ನೂ ಹೊಡೆದು ಹಾಕಿದ್ದೇನೆ. ಸೋಮವಾರ ಬೆಳಿಗ್ಗೆ ಗೇಟಿನಲ್ಲಿ ಯಾರು ನಿಂತಿದ್ದರು, ಯಾವ ಬಿಲ್ಲೆ ಮೊಳೆಯ ಮೇಲಿತ್ತು ಎಂದು ನಾನು ಬರೆದರೆ ಅದು ಮತ್ತೆ ಅವಳೊಬ್ಬಳ ಕತೆಯಾಗುತ್ತದೆ. ಬರೆಯುವುದಿಲ್ಲ. ನೀವು ಕೇಳಿದರೂ ಇಲ್ಲ.

ನನಗೆ ಖಚಿತವಾಗಿ ಗೊತ್ತಿರುವುದು ಇಷ್ಟು. ಸಂಜೆ ಐದರ ಹೊತ್ತಿಗೆ ಸಪ್ನಾ ಆಳಂದ ಬಸ್ ನಿಲ್ದಾಣದ ಬೆಂಚಿನ ಮೇಲೆ ಲ್ಯಾಪ್‌ಟಾಪು ತೆರೆದಳು. 'ಕಾರ್ಮಿಕರ ಸಂಖ್ಯೆ' ಎಂಬ ಕಡೆ 24 ಎಂದು ಒತ್ತಿದಳು. ಪಕ್ಕದಲ್ಲಿ 'ಷರಾ' ಎಂದಿತ್ತು, ಯಾರಾದರೂ ವಿಶೇಷವಾಗಿದ್ದರೆ ಬರೆಯಲಿಕ್ಕೆ. ಅದನ್ನು ಖಾಲಿ ಬಿಟ್ಟು ಕಳಿಸಿದಳು.